ಸಮುದ್ರದ ನೀರಿಗೆ ಬೆಲ್ಲ

ನನ್ನ ಅಕ್ಷರ ಸೊಟ್ಟ, ಮಾತೂ ಸಾಲದು. ಮೊದಲ ಸಲ ಬರೆಯುತ್ತಿರುವುದರಿಂದ ಸಂಕೋಚವಾಗುತ್ತಿದೆ, ಮನ್ನಿಸಿರಿ.

ನಾನು ಸಂಪಗಾಂವದವಳು. ಕಾರವಾರದಲ್ಲಿ ಸಮುದ್ರದ ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆ ಅಡುಗೆ ಮಾಡಲು ಹೋಗಿದ್ದೆ. ಅವರಲ್ಲಿ ಕಿತ್ತೂರಿನ ಹುಡುಗಿಯೊಬ್ಬಳು ದೋಣಿಯಲ್ಲಿ ದಿನವಿಡೀ ವಾಂತಿ ಮಾಡಿಕೊಳ್ಳುತ್ತಲೇ ಆರು ಬಾಟಲಿ ನೀರು ತುಂಬಿ ತಂದಿದ್ದಳು.

“ಇದರಾಗ ಕಣ್ಣಿಗೆ ಕಾಣದ ಜೀವ ಅದಾವ್ರಿ ಮೌಶಿ. ಗಾಳಿಯಾಗಿನ ಸಾರಜನಕ ಹಿಡದು ಸಮುದ್ರಕ್ಕ ಗೊಬ್ಬರ ಮಾಡತಾವ. ಅದರಿಂದ ಪಾಚಿ ಬೆಳೀತೈತಿ, ಪಾಚಿಯಿಂದ ಮೀನು,” ಎಂದಳು.

ಊರಲ್ಲಿ ನಮ್ಮ ಹೊಲದ ಸೋಯಾಬೀನಿನ ಬೇರುಗಂಟಿನಲ್ಲಿರುವುದೂ ಇಂಥದೇ ಜೀವ. ಬಿತ್ತುವ ಮುನ್ನ ಆ ಜೀವಾಣುಗಳ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚುತ್ತೇವೆ. ಇವೂ ಉಪವಾಸವಿರಬಾರದೆಂದು ಆರೂ ಬಾಟಲಿಗೆ ಚಿಟಿಕೆ ಬೆಲ್ಲ ಹಾಕಿ, ಅವಳಿಗೆ ಹೆಮ್ಮೆಯಿಂದ ತಿಳಿಸಿದೆ.

ಹುಡುಗಿ ಒಂದೊಂದೇ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. “ಬೆಲ್ಲ ತಿಂದ ಮ್ಯಾಲ, ಅವು ತಾವಾಗೇ ಎಷ್ಟು ಗೊಬ್ಬರ ಮಾಡತಾವಂತ ಹೆಂಗ ಅಳೀಲಿ ಮೌಶಿ?”

“ನಾಳೆ ನಾನೂ ದೋಣಿಗೆ ಬರತೇನಿ ತಂಗಿ. ನೀ ಕುಂದರು, ನೀರು ನಾನ ತುಂಬತೇನಿ,” ಎಂದೆ.

ಮರುದಿನ ವಾಂತಿ ಇಬ್ಬರಿಗೂ ಆಯಿತು. ಆರು ಬಾಟಲಿಗಳೂ ತುಂಬಿದವು. ದಡಕ್ಕೆ ಬಂದವಳೇ ಅವಳು ನನ್ನ ಬೆಲ್ಲದ ಡಬ್ಬಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು ನಕ್ಕಳು. ಊರಿಗೆ ಮರಳುವವರೆಗೂ ಸಾರಿಗೆ ಬೇಕಾದ ಬೆಲ್ಲವನ್ನು ಅವಳನ್ನೇ ಕೇಳಿ ಪಡೆಯಬೇಕಾಯಿತು.

ಅಷ್ಟು ದೊಡ್ಡ ತಪ್ಪನ್ನು ಅವಳು ಕ್ಷಮಿಸಿದಳು. ಈ ಬರಹದ ಸಣ್ಣ ತಪ್ಪುಗಳನ್ನು ಓದುವವರು ಕ್ಷಮಿಸಬೇಕು.