ತೋಳಿಗೆ ಕಟ್ಟಿದ ಇಪ್ಪತ್ನಾಲ್ಕು ತಾಸು

ಪರರಾಜ್ಯದ ಬುಟಿಬೋರಿ ಎಂಬ ಊರಿನ ಒಂದು ಕಾರ್ಖಾನೆಯ ದವಾಖಾನೆಯಲ್ಲಿ ನಾನು ನರ್ಸ್. ಅಲ್ಲಿ ಕ್ರೇನ್ ನಡೆಸುತ್ತಿದ್ದವನೊಬ್ಬ ನಮ್ಮ ಬಾಗಲಕೋಟೆ ಕಡೆಯವ. ತಪಾಸಣೆಗೆ ಬಂದಾಗಲೆಲ್ಲ ಅವನ ಬಿಪಿ ನೂರಾ ಅರವತ್ತರ ಮೇಲೆ. ಈ ಸಲ ಡಾಕ್ಟರು, ಒಂದು ತಿಂಗಳಲ್ಲಿ ಇಳಿಯದಿದ್ದರೆ ಕ್ರೇನ್ ಹತ್ತುವಂತಿಲ್ಲ ಎಂದು ಬರೆದುಬಿಟ್ಟರು.

ಅವನು ಹೊರಗಿನ ಬೆಂಚಿನ ಮೇಲೆ ಕುಸಿದು ಕೂತ. "ಅಕ್ಕಾರ, ಹನ್ನೆರಡು ವರ್ಷ ಮ್ಯಾಲ ಕುಂತೀನ್ರಿ, ಒಮ್ಮಿನೂ ಕೈ ನಡುಗಿಲ್ಲ. ಈ ಖೋಲಿಗೆ ಬಂದ್ರ ಮಾತ್ರ ಎದಿ ಡವಡವ ಅಂತೈತಿ."

ಅವನ ಮಾತು ನಿಜವೆನ್ನಿಸಿತು. ಆದರೆ ನನಗೆ ಅನ್ನಿಸಿದ್ದು ಡಾಕ್ಟರಿಗೆ ಪುರಾವೆಯಾಗುತ್ತದೆಯೇ? ನನ್ನ ಮನೆಯ ಬಿಪಿ ಮಷೀನು ಕೊಟ್ಟು ಕಳಿಸಿದೆ. ಐದು ನಿಮಿಷ ಸುಮ್ಮನೆ ಕೂತು, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಬೇಕೆಂದು ಹೇಳಿಕೊಟ್ಟೆ. ಏಳು ದಿನ ಅವನ ಹೆಂಡತಿ ನೋಟ್‌ಬುಕ್ಕಿನಲ್ಲಿ ಬರೆದಳು. ಒಂದು ಸಲವೂ ನೂರಾ ಮೂವತ್ತು ದಾಟಿರಲಿಲ್ಲ.

ಡಾಕ್ಟರು ಅದನ್ನು ಪಕ್ಕಕ್ಕೆ ಸರಿಸಿದರು. "ನೌಕರಿ ಉಳಿಸಿಕೊಳ್ಳೋಕೆ ಜನ ಏನು ಬೇಕಾದರೂ ಬರೀತಾರೆ, ಸಿಸ್ಟರ್."

"ಹಾಗಾದರೆ ತಾನೇ ಬರೆದುಕೊಳ್ಳೋ ಯಂತ್ರ ಕಟ್ಟೋಣ, ಸರ್" ಎಂದೆ.

ಇಡೀ ದಿನ ತೋಳಿಗೆ ಕಟ್ಟಿಕೊಂಡರೆ ಆಗಾಗ ತಾನೇ ಬಿಪಿ ಅಳೆಯುವ ಆ ಯಂತ್ರಕ್ಕಾಗಿ ಎರಡು ಅರ್ಜಿ ಕೊಟ್ಟೆ, ಉತ್ತರವಿಲ್ಲ. ಮೂರನೆಯದನ್ನು ಹಿಡಿದು ಮ್ಯಾನೇಜರರ ಬಾಗಿಲಲ್ಲೇ ನಿಂತೆ. ಊರೊಳಗಿನ ಆಸ್ಪತ್ರೆಯೊಂದರಿಂದ ನಾಲ್ಕು ದಿನದ ಮಟ್ಟಿಗೆ ಯಂತ್ರ ಬಂತು.

ಅದನ್ನು ನೋಡಿ ಕ್ರೇನಿನವನು ಹಿಂದೆ ಸರಿದ. "ಕೆಲಸದಾಗ ಇದು ಒಮ್ಮಿಗೇ ತೋಳು ಹಿಂಡಿದ್ರ ಏನ್ ಮಾಡ್ಲಿ?"

ಅವನಿಗೆ ಧೈರ್ಯ ಬರಲೆಂದು ಮೊದಲು ನಾನೇ ಕಟ್ಟಿಕೊಂಡೆ. ಬಸ್ಸಿನಲ್ಲಿ, ಒಲೆಯ ಮುಂದೆ, ಹಾಸಿಗೆ ಹಿಡಿದ ಅತ್ತೆಗೆ ಉಣಿಸುವಾಗ ಅದು ತೋಳು ಹಿಂಡುತ್ತಲೇ ಇತ್ತು. ಮರುದಿನ ಬಿಚ್ಚಿ ಅವನಿಗೆ ಕಟ್ಟಿದೆ. ಅವನು ಕ್ರೇನ್ ಹತ್ತಿದ.

ವರದಿಗಳು ಒಟ್ಟಿಗೆ ಬಂದವು. ಕ್ರೇನಿನ ಮೇಲೂ ಅವನ ಬಿಪಿ ಸರಿಯಾಗಿತ್ತು. ಕ್ರೇನ್ ಹತ್ತಬಹುದೆಂದು ಡಾಕ್ಟರು ಸಹಿ ಹಾಕಿದರು. ಆಮೇಲೆ ಇನ್ನೊಂದು ಹಾಳೆ ಎತ್ತಿ, "ಇದು ಯಾರದು?" ಎಂದರು.

"ನನ್ನದು."

ದವಾಖಾನೆಯಲ್ಲಿ ಯಾವಾಗಲೂ ನೂರಾ ಇಪ್ಪತ್ತಿರುತ್ತಿದ್ದ ನನ್ನ ಬಿಪಿ, ಮನೆ ಸೇರಿದ ಮೇಲೆ ಏರಿದ್ದು ನಿದ್ದೆಯಲ್ಲೂ ಇಳಿದಿರಲಿಲ್ಲ. ಯಂತ್ರ ತಪ್ಪಿರಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅದೇ ಯಂತ್ರವನ್ನು ನಂಬಿ ಎಂದು ಜಗಳವಾಡಿದವಳು ನಾನೇ. ರೋಗಿಗಳ ಕುರ್ಚಿಯಲ್ಲಿ ಕೂತು, ಮಾತ್ರೆ ಮತ್ತು ದಿನಾ ಸಂಜೆ ವಾಕಿಂಗ್ ಎಂದು ಚೀಟಿ ಬರೆಸಿಕೊಂಡೆ.

ಮನೆಗೆ ಹೋಗಿ ಗಂಡನಿಗೆ ಹಾಳೆ ತೋರಿಸಿ, "ಇವತ್ತಿನಿಂದ ಸಂಜೆ ಅತ್ತೆಗೆ ನೀವೇ ಉಣಿಸಬೇಕು" ಎಂದೆ. ಅವರು ಕೈ ತೊಳೆದುಕೊಂಡು ತಟ್ಟೆ ತಗೊಂಡರು. ನಾನು ಚಪ್ಪಲಿ ಮೆಟ್ಟಿ ವಾಕಿಂಗಿಗೆ ಹೊರಟೆ.