ಸೊಳ್ಳೆಯೋ, ಇಲಿಯೋ?

ಸೂರತ್ತಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಿಗೆ ಜ್ವರ ಬಂದರೂ ಡಾಕ್ಟರಿಗಿಂತ ಮೊದಲು ಬಂದು ಕೂರುವವರು ವಿಮಾ ಕಂಪನಿಯಿಂದ ನಿವೃತ್ತರಾದ ಶಿವನಂಜಪ್ಪನವರು. ಟಾರ್ಚು ಬಿಟ್ಟು ಕಣ್ಣು ನೋಡುತ್ತಾರೆ, ಮಳೆನೀರಲ್ಲಿ ನಡೆದ ಕಾಲಿನ ಬಿರುಕು ನೋಡುತ್ತಾರೆ, ರೋಗಿಯ ಮನೆಯ ಚಹಾ ಕುಡಿದು ವಿಚಾರಣೆಗೆ ತೊಡಗುತ್ತಾರೆ: “ಸೊಳ್ಳೆಯೋ, ಇಲಿಯೋ?” ಡೆಂಗಿ, ಇಲಿಜ್ವರ ಎರಡಕ್ಕೂ ಅದೇ ಮೈಕೈ ನೋವು, ಅದೇ ಇಳಿಯುವ ಪ್ಲೇಟ್‌ಲೆಟ್, “ಅವಳಿ ಕಳ್ಳರು ಕಣ್ರೀ,” ಎನ್ನುತ್ತಾರೆ. ಗುಜರಾತಿಯಲ್ಲಿ ‘ತಾವ್ ಛೇ’ ಎಂದರೆ ಜ್ವರ ಇದೆ ಎಂದರ್ಥ. ಊರಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಕೋಕಿಲಾಬೆನ್ ಹಾಗೆಂದಾಗ ಇವರಿಗೆ ಕೇಳಿಸಿದ್ದು ‘ತಾವು... ಛೇ’, ಮಾಡದ ತಪ್ಪಿಗೆ ಕೈಮುಗಿದರಂತೆ. ನನಗೆ ಡೆಂಗಿ ಎಂದು ರಿಪೋರ್ಟು ಬಂದಾಗ, ಇನ್ನು ಇವರ ಕಾಟ ತಪ್ಪಿತು ಎಂದುಕೊಂಡೆ. “ಸೊಳ್ಳೆ ಕಚ್ಚಿದೋರ ಹತ್ರ ಇಲಿ ಬರಬಾರದು ಅಂತ ರೂಲ್ ಇದ್ಯೇನ್ರೀ? ಅದನ್ನೂ ಟೆಸ್ಟ್ ಮಾಡ್ಸಿ,” ಎಂದರು. ಬೈದುಕೊಂಡೇ ಮಾಡಿಸಿದೆ, ಅದೂ ಇತ್ತು. ಇವರು ಬೀಗುತ್ತಾರೆಂದು ಕಾದೆ, ಬೀಗಲಿಲ್ಲ. ಹಿಂದೊಮ್ಮೆ ತಮ್ಮ ಹೆಂಡತಿ ಕಮಲಮ್ಮನವರಿಗೆ ಜ್ವರ ಬಂದಾಗ, “ಡೆಂಗಿ ಸಿಕ್ತಲ್ಲ, ನಮ್ಮ ವಿಮಾ ಫಾರಂನಲ್ಲಿ ಕಾಯಿಲೆಗೆ ಇರೋದೇ ಒಂದು ಗೆರೆ,” ಎಂದು ತಮಾಷೆ ಮಾಡಿ ಎರಡನೇ ಟೆಸ್ಟು ಬೇಡವೆಂದವರು ಇವರೇ. ಇಲಿಜ್ವರವೂ ಇದೆಯೆಂದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು, ಆಕೆ ಉಳಿಯಲಿಲ್ಲ. ಈಗಲೂ ಮಳೆಗಾಲದಲ್ಲಿ ಕೋಕಿಲಾಬೆನ್ ಬಾಗಿಲಿಗೆ ಬಂದು ಯಾರದೋ ಹೆಸರು ಹೇಳಿ ‘ತಾವ್ ಛೇ’ ಎನ್ನುತ್ತಾರೆ. ಶಿವನಂಜಪ್ಪನವರು ಈಗ ಗುಜರಾತಿ ಚೆನ್ನಾಗಿಯೇ ಬಲ್ಲರು. ಆದರೂ ಮೊದಲು ಕೈಮುಗಿಯುತ್ತಾರೆ, ಆಮೇಲೆ ಟಾರ್ಚು ಹುಡುಕುತ್ತಾರೆ.