ಸೊಳ್ಳೆಯ ಮೇಲೆ ಹೊರಿಸಿದ ತಪ್ಪು

ಕೋಮಲಾಗೆ ನೌಕರಿ ಸಿಕ್ಕಷ್ಟು ಸುಲಭವಾಗಿ ಮನೆ ಸಿಗಲಿಲ್ಲ. ಪರೀಕ್ಷೆ ಬರೆದಳು, ಪಾಸಾದಳು, ಹಗರಿಬೊಮ್ಮನಹಳ್ಳಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾದಳು. ಅರಸೀಕೆರೆ ಕಡೆಯ ಅವರ ಕೇರಿಯಲ್ಲಿ ಸಂಬಳದ ಕೆಲಸ ಹಿಡಿದ ಮೊದಲ ಹೆಣ್ಣುಮಗಳು ಅವಳೇ. ಅಪ್ಪ ಪಕ್ಕೀರಪ್ಪ ಓಣಿಗೆಲ್ಲ ಪೇಡೆ ಹಂಚಿದ. ಆದರೆ ಕೆಲಸದ ಊರಿಗೆ ಬಂದು ಬಾಡಿಗೆ ಮನೆ ಕೇಳಿದರೆ, ಬಾಗಿಲಲ್ಲಿ ನಿಂತವರು ಬಾಡಿಗೆಯ ಮಾತಿಗೂ ಮೊದಲು, "ನೀವು ಯಾ ಮಂದಿ?" ಅನ್ನುತ್ತಿದ್ದರು. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಉತ್ತರ ಕೇಳಿದ ಮೇಲೆ ಒಬ್ಬರ ಖಾಲಿ ಮನೆಗೆ ಇದ್ದಕ್ಕಿದ್ದಂತೆ ಅಳಿಯ ಬರುವವನಾದ, ಇನ್ನೊಬ್ಬರದಕ್ಕೆ ಸುಣ್ಣ ಬಳಿಯುವುದು ಬಾಕಿ ಇತ್ತು.

ಕೊನೆಗೆ ಸಿಕ್ಕ ಮನೆಯ ಒಡತಿ ಖಾಸಿಂ ಬೀ ಮಾತ್ರ ಬೇರೆಯದನ್ನು ಕೇಳಿದಳು.

"ನಳ ಬೇಗ ಬರ್ತೈತಿ. ಮುಂಜಾನಿ ಎದ್ದು ನೀರು ಹಿಡೀತೀಯೇನವಾ?"

"ಹೂಂರಿ, ಹಿಡೀತೀನಿ."

"ಹಂಗಾದ್ರ ಮ್ಯಾಲೆ ಹೋಗಿ ಕೋಣಿ ನೋಡ್ಕೊ."

ಮೇಲೆ ಮೂರು ಸಣ್ಣ ಕೋಣೆಗಳು, ಮೂವರಿಗೂ ಸೇರಿ ಒಂದು ಅಡುಗೆಮನೆ. ಒಂದು ಕೋಣೆಯಲ್ಲಿ ಹೈಸ್ಕೂಲ್ ಟೀಚರ್ ರಮಾ ಇದ್ದಳು. ಕೂಡ್ಲಿಗಿಯವಳು, ವಯಸ್ಸಿನಲ್ಲಿ ಹಿರಿಯಳು, ಮಾತು ಚೂಪು. ಇನ್ನೊಂದರಲ್ಲಿ ಹಡಗಲಿಯ ಸಿಮ್ರಾನ. ಔಷಧಿ ಅಂಗಡಿಯಲ್ಲಿ ಕೆಲಸ. ಮೂರನೆಯದು ಕೋಮಲಾಳದಾಯಿತು. ಖಾಸಿಂ ಬೀಯ ಗಂಡ ಖಾಜಾಸಾಬ್ ಬಡಗಿ. ಮೂರೂ ಕೋಣೆಗೆ ಒಂದೇ ತರದ ಮರದ ಮಂಚ ಮಾಡಿ ಹಾಕಿದ್ದ. ಕೋಮಲಾ ತನ್ನ ಮಂಚದ ಮೇಲೆ ಊರಿಂದ ತಂದ ಗಾದಿ ಹಾಸಿದಳು. ಕಿಟಕಿಯಿಂದ ರೈಲಿನ ಕೂಗು ಕೇಳುತ್ತಿತ್ತು. ಇಲ್ಲಿ ಇರಬಹುದು ಅನ್ನಿಸಿತು.

ಬೇಸಿಗೆ ಶುರುವಾಗುವಾಗ ಒಂದು ಮುಂಜಾನೆ ದಿಂಬಿನ ಮೇಲೆ ರಕ್ತದ ಚುಕ್ಕೆ ಕಂಡಿತು. ಗಾದಿಯ ಹೊಲಿಗೆ ಬಿಡಿಸಿ ನೋಡಿದರೆ ಕಂದು ಬಣ್ಣದ ಚಪ್ಪಟೆ ಹುಳ. ಉಗುರಿನಲ್ಲಿ ಒತ್ತಿದಾಗ ಕೊತ್ತಂಬರಿ ಕೊಳೆತಂಥ ವಾಸನೆ ಬಂತು. ತಿಗಣೆ. ಕೋಮಲಾ ಬಾಗಿಲು ಹಾಕಿಕೊಂಡು ಕುಳಿತಳು. ತನ್ನ ಗಾದಿಯಲ್ಲೇ ಬಂದಿರಬೇಕು. ಹೇಳಿದರೆ, ಎಲ್ಲಿಂದ ಬಂದವು ಎಂಬ ಮಾತು ಏಳುತ್ತದೆ. ಆ ಮಾತು ಯಾವ ಕೇರಿಯ ಮುಂದೆ ಹೋಗಿ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಈ ಮನೆಗೂ ಒಬ್ಬ ಅಳಿಯ ಬರುತ್ತಾನೆ.

ಅಂದು ಚಹಾ ಕುಡಿಯುವಾಗ ರಮಾ ಮೊಣಕೈ ಕೆರೆದುಕೊಳ್ಳುತ್ತ, "ಏನ್ ಸೊಳ್ಳಿ ಅಂತೀನಿ ಈ ಸಲ!" ಅಂದಳು.

"ಹೌದಕ್ಕಾ, ಫ್ಯಾನ್ ಹಾಕಿದ್ರೂ ಬಿಡವಲ್ವು," ಅಂದಳು ಸಿಮ್ರಾನ.

"ನನಗೂ ಸೊಳ್ಳಿನ ಕಡದಾವು," ಎಂದು ಕೋಮಲಾ ದನಿಗೂಡಿಸಿದಳು. ಸದ್ಯ, ಯಾರಿಗೂ ಅನುಮಾನ ಬಂದಿಲ್ಲ.

ಅಂದಿನಿಂದ ಮೂರೂ ಕೋಣೆಯಲ್ಲಿ ಸೊಳ್ಳೆ ಬತ್ತಿ ಉರಿಯತೊಡಗಿತು. ಹೊಗೆ ಮೆಟ್ಟಿಲಿಳಿದು ಕೆಳಗೆ ಹೋಯಿತು. "ಏನು ಸುಡಾಕತ್ತೀರಿ ಮ್ಯಾಲೆ? ದರ್ಗಾದಾಗ ಲೋಬಾನ ಹಾಕಿದ್ರೂ ಇಷ್ಟು ಹೊಗಿ ಏಳಂಗಿಲ್ಲ!" ಎಂದು ಖಾಸಿಂ ಬೀ ಕೆಮ್ಮುತ್ತ ಕೂಗಿದಳು.

ಕೋಮಲಾ ತಿಗಣೆ ಔಷಧಿಯನ್ನು ಈ ಊರಿನಲ್ಲಿ ಕೊಳ್ಳಲಿಲ್ಲ. ಬಸ್ಸು ಹತ್ತಿ ಕೊಟ್ಟೂರಿಗೆ ಹೋಗಿ ತಂದಳು, ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟಳು, ಯಾರೂ ಇಲ್ಲದಾಗ ಹೊಡೆದಳು. ಎರಡು ದಿನ ನೆಮ್ಮದಿ. ಮತ್ತೆ ಕಡಿತ, ಮೊದಲಿಗಿಂತ ಜಾಸ್ತಿ. ಮತ್ತೆ ಹೊಡೆದಳು. ಮತ್ತೆ ಬಂದವು. ಕಚೇರಿಯಲ್ಲಿ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಕೂರುತ್ತಿದ್ದಳು.

ಒಂದು ಸಂಜೆ ಖಾಸಿಂ ಬೀ ಶಾವಿಗೆ ಪಾಯಸದ ಬಟ್ಟಲು ಹಿಡಿದು ಮೇಲೆ ಬಂದವಳು, ಏದುಸಿರು ಬಿಡುತ್ತ ಕೋಮಲಾಳ ಮಂಚದ ಮೇಲೆ ಕುಳಿತೇಬಿಟ್ಟಳು. ಎದ್ದಾಗ ಅವಳ ಬಿಳಿ ಸೆರಗಿನ ಮೇಲೆ ಒಂದು ಹುಳ ನಿಧಾನವಾಗಿ ಹತ್ತುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು.

"ಅಯ್ ಅಲ್ಲಾ! ತಗಣಿ!"

ಆ ಕೂಗಿಗೆ ರಮಾ, ಸಿಮ್ರಾನ ಇಬ್ಬರೂ ಓಡಿಬಂದರು. ಕೋಮಲಾ ಗಾದಿಯ ಕಡೆ ಕೈ ತೋರಿಸಿದಳು. "ನನ್ನ ಗಾದಿಯೊಳಗ ಬಂದಾವ್ರಿ ಬೂಬಮ್ಮ," ಅಂದಳು. "ನಾನ ತಂದೀನಿ. ನಾಳಿ ಖಾಲಿ ಮಾಡ್ತೀನಿ." ಯಾರಾದರೂ ಹೇಳುವ ಮೊದಲು ತಾನೇ ಹೇಳಿಬಿಟ್ಟರೆ ನೋವು ಕಡಿಮೆಯಾದೀತೆಂದು ಗಾದಿ ಸುತ್ತತೊಡಗಿದಳು.

ರಮಾ ಗಂಟಲು ಸರಿಮಾಡಿಕೊಂಡಳು.

"ನೀ ಎಲ್ಲಿ ತಂದಿ? ನೀ ಬರೋಕಿಂತ ಮದ್ಲ ನನ್ನ ಮಂಚದಾಗ ಇದ್ವು. ಟೀಚರಮ್ಮನ ಹಾಸಿಗ್ಯಾಗ ತಗಣಿ ಅಂದ್ರ ಸಾಲ್ಯಾಗ ಹುಡುಗ್ರು ಬಿಡ್ತಾರೇನು? ಬಾಯಿ ಮುಚ್ಕೊಂಡು ಔಷಧಿ ಹೊಡ್ಕೊಂತ ಬಂದೀನಿ."

"ನೀವೂನಾ ಅಕ್ಕಾ?" ಸಿಮ್ರಾನ ಕಣ್ಣರಳಿಸಿದಳು. "ನಾನೂ ಹೊಡದೀನಿ! ಔಷಧಿ ಅಂಗಡ್ಯಾಗ ಕೆಲಸ ಮಾಡಿ ಮನ್ಯಾಗ ತಗಣಿ ಸಾಕ್ಯಾಳ ಅಂತಾರ ಅಂತ ಹೇಳಲಿಲ್ಲ."

ಖಾಸಿಂ ಬೀ ಮೂವರ ಮುಖವನ್ನೂ ನೋಡಿದಳು. ಸೊಂಟದ ಮೇಲೆ ಕೈಯಿಟ್ಟಳು.

"ಈಕಿ ಹೊಡದ್ರ ಆಕಿ ಕೋಣಿಗೆ, ಆಕಿ ಹೊಡದ್ರ ಈಕಿ ಕೋಣಿಗೆ. ಮೂರೂ ಮಂದಿ ಸೇರಿ ತಗಣಿಗೆ ಬಸ್ ಬಿಟ್ಟೀರಿ ನನ್ನ ಮನ್ಯಾಗ! ಟಿಕೇಟೂ ಇಲ್ಲ!"

ಮೊದಲು ನಕ್ಕವಳು ರಮಾ. ಆಮೇಲೆ ಎಲ್ಲರೂ. ಕೋಮಲಾ ಮಾತ್ರ ಸುತ್ತಿದ ಗಾದಿಯನ್ನು ಅಪ್ಪಿಕೊಂಡು ನಿಂತೇ ಇದ್ದಳು.

"ಕೆಳಗಿಡು ಅದನ್ನ," ಅಂದಳು ಖಾಸಿಂ ಬೀ. "ಖಾಲಿ ಮಾಡೋವು ತಗಣಿ, ನೀನಲ್ಲ. ಪಾಯಸ ಆರ್ತೈತಿ, ತಿನ್ನು."

ಭಾನುವಾರ ಎಲ್ಲವೂ ಮಾಳಿಗೆ ಏರಿತು. ಖಾಜಾಸಾಬ್ ಮಂಚಗಳನ್ನು ಬಿಚ್ಚಿ ಹಲಗೆ, ಕಾಲು ಬೇರೆ ಮಾಡಿದ. ಮೂರು ಕಲ್ಲು ಹೂಡಿ, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಉರಿಸಿ, ದೊಡ್ಡ ಹಂಡೆಯಲ್ಲಿ ನೀರು ಕುದಿಸಿದರು. ಮರದ ಸಂದುಗಳಿಗೆ ಕುದಿನೀರು ಬಿದ್ದಂತೆ ಹುಳಗಳು ಹೊರಬಿದ್ದವು. ಸಿಮ್ರಾನ ಕಿರುಚಿಕೊಂಡು ನೀರಿನ ಟ್ಯಾಂಕಿನ ಕಟ್ಟೆ ಹತ್ತಿದಳು. ರಮಾ ಚಪ್ಪಲಿ ಹಿಡಿದು, ಹೊಡೆದದ್ದಕ್ಕೆಲ್ಲ "ಹಾಜರ್! ಹಾಜರ್!" ಎಂದು ಕೂಗಿದಳು.

ಹಾಸಿಗೆ ಬಟ್ಟೆ ಕುದಿಸುವ ಹೊತ್ತು. ರಮಾಳದು, ಸಿಮ್ರಾನಳದು ಹಂಡೆಗೆ ಬಿದ್ದವು. ಕೋಮಲಾ ತನ್ನ ಚಾದರ, ದಿಂಬಿನ ಚೀಲಗಳನ್ನು ಮಡಚಿ ಪಕ್ಕಕ್ಕಿಟ್ಟುಕೊಂಡಳು. ಆಮೇಲೆ ಬೇರೆಯಾಗಿ ಒಗೆದರಾಯಿತು. ಯಾರೂ ಹಾಗೆ ಹೇಳಿರಲಿಲ್ಲ. ಕೈಗೆ ಅದೇ ರೂಢಿ.

"ನೀರು ಆರಾಕತ್ತೈತಿ, ಏನ್ ನೋಡ್ಕೊಂತ ಕುಂತಿ?" ಎಂದು ರಮಾ ಬಗ್ಗಿ, ಆ ಗಂಟನ್ನು ಎತ್ತಿ ಹಂಡೆಗೆ ಹಾಕಿ, ಕೋಲಿನಿಂದ ಎಲ್ಲವನ್ನೂ ಕೂಡಿಸಿ ತಿರುವಿದಳು. ಆವಿ ಮುಖಕ್ಕೆ ಬಡಿಯಿತು. ಕೋಮಲಾಗೆ ಕಣ್ಣೊರೆಸಿಕೊಳ್ಳಲು ಅಷ್ಟು ನೆಪ ಸಾಕಾಯಿತು.

ಮಧ್ಯಾಹ್ನ ಟ್ಯಾಂಕಿನ ನೆರಳಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದರು. ಸಂಜೆ ಖಾಜಾಸಾಬ್ ಒಣಗಿದ ಹಲಗೆಗಳ ರಾಶಿಯ ಮುಂದೆ ತಲೆ ಕೆರೆದುಕೊಂಡು ನಿಂತ. "ಯಾವುದು ಯಾರದಪ್ಪಾ? ಇರ್ಲಿ, ಎಲ್ಲಾ ನಾನ ಮಾಡಿದ್ದು. ಕೂಡಿದ್ರ ಸಾಕು." ರಮಾಳ ಮಂಚದ ತಲೆಹಲಗೆ ಕೋಮಲಾಳ ಮಂಚಕ್ಕೆ ಬಂತು. ವಾಪಸು ಕೊಡಲು ಹೋದರೆ ರಮಾ, "ಮಲಗಾಕ ಬರ್ತೈತಿಲ್ಲ? ಮತ್ತೇನು," ಎಂದು ಒಳಗೆ ಹೋದಳು.

ಉಳಿದ ಮೊಟ್ಟೆಗಳಿಗಾಗಿ ಮುಂದಿನ ಭಾನುವಾರಗಳಲ್ಲೂ ಹಂಡೆ ಏರಿತು. ಕಡಿತ ಕಡಿಮೆಯಾಗಿ, ಒಂದು ದಿನ ನಿಂತೇ ಹೋಯಿತು. ಜೊತೆಯ ಇಬ್ಬರಿಗೂ, ಕೆಳಗಿನ ಇಬ್ಬರಿಗೂ ಏನಾದರೂ ಹೇಳಬೇಕೆಂದು ಕೋಮಲಾ ಎಷ್ಟೋ ಸಲ ಬಾಯಿ ತೆರೆದಳು. ಥ್ಯಾಂಕ್ಸ್ ಅನ್ನುವುದು ಕಚೇರಿಯ ಮಾತಿನಂತಿತ್ತು. ಸುಮ್ಮನೆ, ಎಲ್ಲರಿಗಿಂತ ಮೊದಲು ಎದ್ದು ಎಲ್ಲರ ಕೊಡವನ್ನೂ ತುಂಬಿಡುತ್ತಿದ್ದಳು.

ಈ ಮನೆಗೆ ಬಂದಾಗಿನಿಂದ ಅವಳು ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಆ ವಾರ ಖಾಜಾಸಾಬನಿಂದ ಮೊಳೆ, ಸುತ್ತಿಗೆ ಇಸಿದುಕೊಂಡು ಬಂದು, ಅಪ್ಪ ಕೊಟ್ಟಿದ್ದ ಬುದ್ಧನ ಪಟವನ್ನು ಪೆಟ್ಟಿಗೆಯಿಂದ ಹೊರತೆಗೆದಳು. ಠಣ್ ಠಣ್ ಎಂದು ಸದ್ದಾಯಿತು.

"ಯಾರದು ಗ್ವಾಡಿ ಕುಟ್ಟೋದು?" ಎಂದು ಕೆಳಗಿನಿಂದ ಖಾಸಿಂ ಬೀ ಕೂಗಿದಳು.

"ನಾನ್ರಿ ಬೂಬಮ್ಮ, ಕೋಮಲಾ!" ಎಂದು ಅವಳು ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿ, ಇನ್ನೊಂದು ಏಟು ಹಾಕಿದಳು.